ವಿಮಾನಕ್ಕೆ ಪೆಟ್ಟು ಬಿದ್ದರೆ ಯಾರಿಗೆ, ಹೇಗೆ ಹೇಳಬೇಕು? ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ದಾವಣಗೆರೆಯವನು. ದಕ್ಷಿಣದ ಒಂದು ದೊಡ್ಡ ವಿಮಾನ ನಿಲ್ದಾಣದಲ್ಲಿ ಒಂಬತ್ತು ವರ್ಷ ರ‍್ಯಾಂಪ್ ಕೆಲಸ ಮಾಡಿದೆ. ರ‍್ಯಾಂಪ್ ಅಂದರೆ ವಿಮಾನ ಬಂದು ನಿಲ್ಲುವ ಜಾಗ. ಲಗೇಜು ಹೇರುವುದರಿಂದ ಶುರು ಮಾಡಿ, ಹೆಡ್‌ಸೆಟ್ ಹಾಕಿಕೊಂಡು ಪೈಲಟ್ ಜೊತೆ ಮಾತಾಡುವ ಕೆಲಸದವರೆಗೆ ಬಂದೆ. ಅಪ್ಪನಿಗೆ ಹುಷಾರಿಲ್ಲದೆ ಊರಿಗೆ ವಾಪಸಾದೆ. ಈಗ ಭಾನುವಾರ ಬೆಳಿಗ್ಗೆ, ಈ ಕೆಲಸಕ್ಕೆ ಹೋಗುವ ನಮ್ಮ ಕಡೆಯ ಹುಡುಗ ಹುಡುಗಿಯರಿಗೆ ನನಗೆ ಗೊತ್ತಿರುವುದನ್ನು ಹೇಳಿಕೊಡುತ್ತೇನೆ. ಹರಿಹರ, ಜಗಳೂರು, ಹೊಳಲ್ಕೆರೆ, ಹಿರಿಯೂರು ಕಡೆಯಿಂದೆಲ್ಲ ಬರುತ್ತಾರೆ. ಪ್ರತಿ ಸಲವೂ ಅವೇ ಪ್ರಶ್ನೆಗಳು. ಅದಕ್ಕೇ ಬರೆದಿಟ್ಟಿದ್ದೇನೆ.

ನಮ್ಮೂರಲ್ಲಿ ವಿಮಾನ ನಿಲ್ದಾಣವೇ ಇಲ್ಲ. ಇದನ್ನೆಲ್ಲ ತಿಳಿದು ಏನು ಮಾಡೋದು ಅಣ್ಣ?

ನಮ್ಮ ಊರಲ್ಲಿ ಇಲ್ಲ, ನಿಜ. ಆದರೆ ನಮ್ಮ ಹುಡುಗರು ಎಲ್ಲೆಲ್ಲಿ ಕೆಲಸಕ್ಕೆ ಹೋಗುತ್ತಾರೆ ನೋಡಿ. ದೇವನಹಳ್ಳಿ, ಹುಬ್ಬಳ್ಳಿ, ಈಗ ಶಿವಮೊಗ್ಗ. ಶಿವಮೊಗ್ಗಕ್ಕೆ 2023ರ ಆಗಸ್ಟ್ 31ರಂದು ಬೆಂಗಳೂರಿನಿಂದ ಮೊದಲ ಪ್ರಯಾಣಿಕರ ವಿಮಾನ ಬಂತು. ಡಿಗ್ರಿ ಮುಗಿಸಿ ಮನೆಯಲ್ಲಿ ಕೂತಿದ್ದ ಎಷ್ಟೋ ಮಕ್ಕಳಿಗೆ ಅದೊಂದು ದಾರಿ ಆಯಿತು. ಇನ್ನು ವಿಮಾನ ಹತ್ತುವವರಂತೂ ಪ್ರತಿ ಬೀದಿಯಲ್ಲೂ ಇದ್ದಾರೆ. ಅವರಿಗೂ ಕೆಳಗೆ ಒಂದು ಪ್ರಶ್ನೆ ಇದೆ, ಬಿಡದೆ ಓದಿ.

ವಿಮಾನಕ್ಕೆ ಪೆಟ್ಟು ಬೀಳೋದು ಆಕಾಶದಲ್ಲಾ, ನೆಲದ ಮೇಲಾ?

ಎರಡೂ ಕಡೆ. ಮೇಲೆ ಹಕ್ಕಿ, ಆಲಿಕಲ್ಲು, ಸಿಡಿಲು. ಆದರೆ ನಿಂತಿರುವ ವಿಮಾನಕ್ಕೆ ಬೀಳುವ ಪೆಟ್ಟು ಹೆಚ್ಚಾಗಿ ನಮ್ಮದೇ ಗಾಡಿಗಳಿಂದ. ಲಗೇಜು ಏರಿಸುವ ಬೆಲ್ಟ್ ಲೋಡರ್, ಕಾರ್ಗೋ ಲೋಡರ್, ಪ್ರಯಾಣಿಕರ ಮೆಟ್ಟಿಲು, ಊಟದ ಲಾರಿ. 2025ರ ಏಪ್ರಿಲ್ 18ರಂದು ಬೆಂಗಳೂರು ನಿಲ್ದಾಣದಲ್ಲೇ ಒಂದು ಟೆಂಪೊ ಟ್ರಾವೆಲರ್ ನಿಂತಿದ್ದ ವಿಮಾನದ ಕೆಳಗೆ ಹೋಗಿ ಗುದ್ದಿತು. ಫೋಟೊ ನೀವೂ ನೋಡಿರುತ್ತೀರಿ. ನೆಲದ ಮೇಲೆ ಆಗುವ ಈ ಹಾನಿಯ ಖರ್ಚು 2035ರ ಹೊತ್ತಿಗೆ ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 1,000 ಕೋಟಿ ಡಾಲರ್ ಮುಟ್ಟಬಹುದು ಅಂತ ವಿಮಾನ ಕಂಪನಿಗಳ ಒಕ್ಕೂಟವಾದ ಐಎಟಿಎ 2022ರಲ್ಲಿ ಲೆಕ್ಕ ಹಾಕಿತ್ತು.

ಒಂದು ಸಣ್ಣ ಡೆಂಟ್‌ಗೆ ಇಷ್ಟೊಂದು ಗಲಾಟೆ ಯಾಕೆ? ನಮ್ಮ ಕಾರು, ಬಸ್ಸಿಗೆಲ್ಲ ಡೆಂಟ್ ಇದ್ದೇ ಇರುತ್ತಲ್ವಾ?

ಬಸ್ಸಿನ ಒಳಗೂ ಹೊರಗೂ ಒಂದೇ ಗಾಳಿ. ವಿಮಾನ ಹಾಗಲ್ಲ. ಮೂವತ್ತು ಸಾವಿರ ಅಡಿ ಮೇಲೆ ಹೊರಗಿನ ಗಾಳಿ ತೆಳು. ನಾವು ಉಸಿರಾಡಲಿ ಅಂತ ಒಳಗೆ ಗಾಳಿ ತುಂಬಿರುತ್ತಾರೆ. ಹೊರಗಿಗಿಂತ ಒಳಗೆ ಹೆಚ್ಚಿರುವ ಒತ್ತಡ ಒಂದು ಚದರ ಅಂಗುಲಕ್ಕೆ ಸುಮಾರು 8 ಪೌಂಡ್. ನಮ್ಮ ಲೆಕ್ಕದಲ್ಲಿ ಹೇಳುತ್ತೇನೆ. ಒಂದು ಚದರ ಅಡಿ ಜಾಗವನ್ನು ಐದು ಕ್ವಿಂಟಲ್ ಮೆಕ್ಕೆಜೋಳದ ಭಾರ ಒಳಗಿನಿಂದ ಹೊರಕ್ಕೆ ತಳ್ಳುತ್ತಿರುತ್ತದೆ. ಎಪಿಎಂಸಿಯಲ್ಲಿ ಚೀಲ ಹೊತ್ತವರಿಗೆ ಐದು ಕ್ವಿಂಟಲ್ ಅಂದರೆ ಏನು ಅಂತ ಗೊತ್ತು. ಅಷ್ಟನ್ನು ತಡೆಯುವ ತಗಡು ಎಷ್ಟು ದಪ್ಪ ಗೊತ್ತಾ? ಎಷ್ಟೋ ಕಡೆ ಒಂದರಿಂದ ಎರಡು ಮಿಲಿಮೀಟರ್, ಅಷ್ಟೇ.

ಇದೂ ಒಂದೇ ಸಲ ಅಲ್ಲ. ಮೇಲೆ ಹೋದಾಗ ವಿಮಾನ ಉಬ್ಬುತ್ತದೆ, ಕೆಳಗೆ ಬಂದಾಗ ಕುಗ್ಗುತ್ತದೆ. ಸಣ್ಣ ದೂರದ ವಿಮಾನ ದಿನಕ್ಕೆ ಐದಾರು ಸಲ ಹೀಗೆ ಉಬ್ಬಿ ಕುಗ್ಗುತ್ತದೆ. ತಂತಿಯನ್ನು ಆ ಕಡೆ ಈ ಕಡೆ ಬಗ್ಗಿಸುತ್ತಾ ಇದ್ದರೆ ಬಗ್ಗಿದ ಜಾಗದಲ್ಲೇ ಅಲ್ವಾ ಮುರಿಯೋದು? ಡೆಂಟ್ ಬಿದ್ದ ಜಾಗ, ಗೀರು ಬಿದ್ದ ಜಾಗ ಅಂಥದ್ದು.

ಹಾಗಾದ್ರೆ ಡೆಂಟ್ ಇರೋ ವಿಮಾನ ಹಾರೋದೇ ಇಲ್ವಾ?

ಹಾರುತ್ತದೆ, ಆದರೆ ಅಳೆದ ಮೇಲೆ. ಪ್ರತಿ ವಿಮಾನದ ಮೈಮೇಲಿನ ಡೆಂಟ್‌ಗಳ ಪಟ್ಟಿ, ನಕ್ಷೆ ಇಟ್ಟಿರುತ್ತಾರೆ. ಎಲ್ಲಿದೆ, ಎಷ್ಟು ಅಗಲ, ಎಷ್ಟು ಆಳ, ಯಾವತ್ತು ನೋಡಿದ್ದು, ಎಲ್ಲ ಅದರಲ್ಲಿ ಇರುತ್ತದೆ. ತಯಾರಕರು ಕೊಟ್ಟ ಮಿತಿಯ ಒಳಗಿದ್ದರೆ ಲೈಸೆನ್ಸ್ ಇರುವ ಇಂಜಿನಿಯರ್ ಸಹಿ ಹಾಕುತ್ತಾರೆ. ಆಗ ಹಾರಬಹುದು. ರೆಕ್ಕೆ ಮೇಲೆ ಬೆಳ್ಳಿ ಬಣ್ಣದ ಟೇಪ್ ಅಂಟಿಸಿದ್ದು ನೋಡಿ ಕೆಲವರು ಹೆದರುತ್ತಾರೆ. ಅದು ಅಂಗಡಿಯ ಟೇಪ್ ಅಲ್ಲ, ಅದಕ್ಕೇ ಮಾಡಿದ ಅಲ್ಯೂಮಿನಿಯಂ ಟೇಪ್. ಭಾರ ಹೊರದ ಜಾಗಕ್ಕೆ ಮಾತ್ರ, ಕೆಲವು ದಿನದ ಮಟ್ಟಿಗೆ ಹಾಕುತ್ತಾರೆ.

ಇಲ್ಲಿ ಮುಖ್ಯವಾದದ್ದು ಒಂದೇ. ಡೆಂಟ್ ಸಣ್ಣದೋ ದೊಡ್ಡದೋ ಅಂತ ತೀರ್ಮಾನ ಮಾಡುವವರು ಇಂಜಿನಿಯರ್. ಲಗೇಜು ಹೇರುವ ಲೋಡರ್ ಅಲ್ಲ, ಸೂಪರ್‌ವೈಸರ್ ಅಲ್ಲ, ಪೈಲಟ್ ಕೂಡ ಒಬ್ಬರೇ ಅಲ್ಲ. ನಮ್ಮ ಕೆಲಸ ಹೇಳುವುದು.

ಗಾಡಿ ತಗುಲಿತು, ಆದ್ರೆ ಹೊರಗೆ ಏನೂ ಕಾಣಲ್ಲ. ಆಗಲೂ ಹೇಳಬೇಕಾ?

ಆಗಲಂತೂ ಹೇಳಲೇಬೇಕು. ಚಿತ್ರದುರ್ಗದ ಹತ್ತಿರ ಹೆದ್ದಾರಿಯಲ್ಲಿ ಗಾಳಿಯಂತ್ರದ ರೆಕ್ಕೆಗಳನ್ನು ಉದ್ದನೆ ಲಾರಿ ಮೇಲೆ ಸಾಗಿಸುವುದನ್ನು ನೀವು ನೋಡಿದ್ದೀರಿ. ಅವು ಲೋಹ ಅಲ್ಲ. ನಾರು ಮತ್ತು ಅಂಟು ಸೇರಿಸಿ ಪದರ ಪದರವಾಗಿ ಮಾಡಿದ್ದು. ಈಗಿನ ವಿಮಾನಗಳಲ್ಲೂ ಇಂಥದ್ದೇ ವಸ್ತು ಇದೆ, ಅಲ್ಲಿ ಜಾಸ್ತಿ ಬಳಸೋದು ಕಾರ್ಬನ್ ನಾರು. ಬೋಯಿಂಗ್ 787ರಲ್ಲಿ ತೂಕದ ಲೆಕ್ಕದಲ್ಲಿ ಸುಮಾರು ಅರ್ಧ ಅದೇ. ಅಲ್ಯೂಮಿನಿಯಂ ಆದರೆ ಪೆಟ್ಟು ಬಿದ್ದಲ್ಲಿ ತಗ್ಗು ಉಳಿಯುತ್ತದೆ. ಇದು ಹಾಗಲ್ಲ. ಒಳಗೆ ಪದರ ಬಿಟ್ಟುಕೊಂಡಿರುತ್ತದೆ, ಮೇಲಿನ ಮೈ ಮೊದಲಿನ ಹಾಗೇ ನುಣುಪಾಗಿ ಕಾಣುತ್ತದೆ.

ಹಿರಿಯ ಇಂಜಿನಿಯರ್ ಒಬ್ಬರು ಇದನ್ನು ಪರೀಕ್ಷೆ ಮಾಡೋದನ್ನು ಪಕ್ಕದಲ್ಲಿ ನಿಂತು ನೋಡಿದ್ದೇನೆ. ಕೈಯಲ್ಲಿ ನಾಣ್ಯದಷ್ಟು ಒಂದು ಸಣ್ಣ ಲೋಹದ ತುಂಡು. ಬೆರಳಗಲಕ್ಕೆ ಒಂದೊಂದು ಸಲ ಟಕ್, ಟಕ್, ಟಕ್ ಅಂತ ತಟ್ಟುತ್ತಾ ಹೋದರು. ಕಿವಿ ಮೈಗೆ ತಾಗುವಷ್ಟು ಹತ್ತಿರ. ಒಂದು ಕಡೆ ಟಕ್ ಅನ್ನೋದು ಡಬ್ ಅಂತಾಯಿತು. ಅವರು ಅಲ್ಲಿಗೆ ಪೆನ್ಸಿಲಿನಲ್ಲಿ ಗುಂಡಗೆ ಗುರುತು ಮಾಡಿದರು. ಸಂತೆಯಲ್ಲಿ ಅಮ್ಮ ಗಡಿಗೆ ಕೊಳ್ಳುವಾಗ ಬೆರಳಿನಿಂದ ಬಾರಿಸಿ ನೋಡುತ್ತಿದ್ದದ್ದು ನೆನಪಾಯಿತು. ಆಮೇಲೆ ಯಂತ್ರ ತಂದು ನೋಡಿದರು. ಆದರೆ ಎಲ್ಲಿ ತಟ್ಟಬೇಕು ಅಂತ ಅವರಿಗೆ ಗೊತ್ತಾದದ್ದು, ಗಾಡಿ ಓಡಿಸಿದ ಹುಡುಗ ಬಂದು ಹೇಳಿದ್ದರಿಂದ.

ಪೆಟ್ಟು ಮಾಡಿದ್ದು ನಾನೇ ಆಗಿದ್ರೆ? ಯಾರೂ ನೋಡಿಲ್ಲ ಅಂದ್ರೆ?

ಈ ಪ್ರಶ್ನೆಯನ್ನು ಯಾರೂ ಎಲ್ಲರ ಮುಂದೆ ಕೇಳುವುದಿಲ್ಲ. ಪಾಠ ಮುಗಿದ ಮೇಲೆ, ಚಪ್ಪಲಿ ಹಾಕಿಕೊಳ್ಳುತ್ತಾ ಮೆಲ್ಲಗೆ ಕೇಳುತ್ತಾರೆ. ಅದಕ್ಕೇ ಇದನ್ನು ಉದ್ದವಾಗಿ ಬರೆಯುತ್ತೇನೆ.

ಅಮೆರಿಕದ ಸಿಯಾಟಲ್‌ನಲ್ಲಿ 2005ರ ಡಿಸೆಂಬರ್ 26ರಂದು ಆದದ್ದು. ಅಲಾಸ್ಕಾ ಏರ್‌ಲೈನ್ಸ್‌ನ ಒಂದು ವಿಮಾನ ನಿಂತಿದ್ದಾಗ ರ‍್ಯಾಂಪ್ ಕೆಲಸದವರ ಗಾಡಿ ತಗುಲಿತು. ಓಡಿಸಿದವರು ಹೇಳಲಿಲ್ಲ. ವಿಮಾನ ಸುಮಾರು 26,000 ಅಡಿ ಏರಿದಾಗ ಆ ಜಾಗ ಕಿತ್ತುಕೊಂಡು ಒಂದು ಅಡಿ ಉದ್ದ, ಅರ್ಧ ಅಡಿ ಅಗಲದ ತೂತಾಯಿತು. ಒಳಗಿನ ಗಾಳಿ ಹೊರಕ್ಕೆ ನುಗ್ಗಿತು, ಆಮ್ಲಜನಕದ ಮಾಸ್ಕ್‌ಗಳು ಬಿದ್ದವು. ಪೈಲಟ್‌ಗಳು ಬೇಗ ಕೆಳಗಿಳಿಸಿ ಸಿಯಾಟಲ್‌ಗೇ ವಾಪಸು ತಂದರು. ಎಲ್ಲರೂ ಉಳಿದರು. ಗಾಡಿ ತಗುಲಿದ ವಿಷಯ ಬಾಯಿಗೆ ಬಂದದ್ದು ಆಮೇಲೆ.

ಇನ್ನು ನನ್ನದೇ ಒಂದು. ಮಳೆಗಾಲದ ರಾತ್ರಿ. ವಿಮಾನ ಹೊರಡಲು ಹದಿನೈದು ನಿಮಿಷ ಇತ್ತು. ನನ್ನ ಗೆಳೆಯ ಬೆಲ್ಟ್ ಲೋಡರ್ ಹಿಂದಕ್ಕೆ ತೆಗೆಯಲು ಹೋಗಿ, ಒದ್ದೆ ನೆಲದಲ್ಲಿ ಗಾಲಿ ಜಾರಿ, ಮುಂದಕ್ಕೇ ಬಂದು ಕಾರ್ಗೋ ಬಾಗಿಲ ಕೆಳಗೆ ತಗುಲಿತು. ವಿಮಾನದ ಸದ್ದಿನಲ್ಲಿ ಏನೂ ಕೇಳಿಸಲಿಲ್ಲ. ಅವನು ನನ್ನ ಮುಖ ನೋಡಿದ. "ಏನಾಗಿಲ್ಲ, ಸುಮ್ನಿರು" ಅಂದ. ನಾನು ಹೋಗಿ ಅಂಗೈ ಇಟ್ಟು ಸವರಿದೆ. ತಣ್ಣಗಿನ ತಗಡು, ಮಳೆ ಹನಿ. ನುಣ್ಣಗೆ ಹೋಗುತ್ತಿದ್ದ ಕೈ ಒಂದು ಕಡೆ ಒಳಕ್ಕೆ ಇಳಿಯಿತು. ಪಡ್ಡಿನ ಕಾವಲಿಯ ಗುಳಿಯಷ್ಟು ಅಗಲ, ಅಷ್ಟು ಆಳ ಇಲ್ಲ. ಟಾರ್ಚ್ ನೇರ ಹಿಡಿದರೆ ಕಾಣುತ್ತಲೇ ಇರಲಿಲ್ಲ. ಓರೆಯಾಗಿ ಹಿಡಿದಾಗ ನೆರಳು ಬಿತ್ತು.

ನಾಲ್ಕು ನಿಮಿಷ ಸುಮ್ನೆ ನಿಂತಿದ್ದೆ. ಗೆಳೆಯನಿಗೆ ಆಗಷ್ಟೇ ಮದುವೆ ಗೊತ್ತಾಗಿತ್ತು. ಮೇಲಿನ ಬಾಗಿಲು ಇನ್ನೂ ತೆರೆದಿತ್ತು, ಒಂದು ಮಗು ಅಳುವ ಸದ್ದು ಕೇಳಿಸುತ್ತಿತ್ತು. ಹೋಗಿ ಹೇಳಿದೆ. ಕ್ಯಾಪ್ಟನ್ ಮಳೆಯಲ್ಲೇ ಇಳಿದು ಬಂದರು, ನಾನು ತೋರಿಸಿದ ಕಡೆ ಕೈ ಇಟ್ಟರು, "ಹೇಳಿದ್ದು ಒಳ್ಳೇದಾಯ್ತು" ಅಂದರು. ಅವತ್ತು ಆ ವಿಮಾನ ಹಾರಲಿಲ್ಲ. ಮೇಲಿನವರಿಂದ ನಾವಿಬ್ಬರೂ ಬೈಸಿಕೊಂಡೆವು, ಗೆಳೆಯನನ್ನು ಕೆಲವು ದಿನ ಗಾಡಿಯಿಂದ ಇಳಿಸಿದರು. ಮಾರನೇ ದಿನ ಒಳಗಿನ ಹಲಗೆ ತೆಗೆದು ನೋಡಿದಾಗ ತಗಡಿನ ಹಿಂದಿನ ಪಟ್ಟಿಯೂ ಬಾಗಿತ್ತು. ಗೆಳೆಯ ಈಗಲೂ ಅದೇ ಕೆಲಸದಲ್ಲಿದ್ದಾನೆ, ಹೊಸಬರಿಗೆ ಗಾಡಿ ಕಲಿಸುತ್ತಾನೆ. ನನಗೆ ಮಾತ್ರ ಆ ನಾಲ್ಕು ನಿಮಿಷ ಇನ್ನೂ ಮರೆತಿಲ್ಲ.

ಮೊದಲು ಯಾರಿಗೆ ಹೇಳಬೇಕು? ಏನಂತ?

ಮೊದಲು ಗಾಡಿ ನಿಲ್ಲಿಸಿ, ಅಲ್ಲೇ ಬಿಡಿ. ಹಿಂದಕ್ಕೆ ತೆಗೆಯಬೇಡಿ. ಸಿಕ್ಕಿಕೊಂಡಿದ್ದರೆ ತೆಗೆಯುವಾಗ ಇನ್ನಷ್ಟು ಹರಿಯುತ್ತದೆ. ಆಮೇಲೆ ಹತ್ತಿರದಲ್ಲಿ ಯಾರಿದ್ದಾರೋ ಅವರಿಗೆ ಹೇಳಿ. ಇಂಜಿನಿಯರ್, ಹೆಡ್‌ಸೆಟ್ ಹಾಕಿದವರು, ಕ್ಯಾಪ್ಟನ್. ಸೂಪರ್‌ವೈಸರ್ ಫೋನ್ ಎತ್ತಲಿಲ್ಲ ಅಂತ ಕಾಯಬೇಡಿ.

ಹೇಳುವಾಗ ಮೂರೇ ಮಾತು ಸಾಕು: ಏನು ತಗುಲಿತು, ಎಲ್ಲಿ, ಯಾವಾಗ. "ಬೆಲ್ಟ್ ಲೋಡರ್ ತಗುಲಿದೆ, ಬಲಗಡೆ ಹಿಂದಿನ ಕಾರ್ಗೋ ಬಾಗಿಲ ಕೆಳಗೆ, ಈಗ ಐದು ನಿಮಿಷದ ಹಿಂದೆ." "ಸ್ವಲ್ಪ ಏನೋ ಆಗಿರಬಹುದು ಸಾರ್" ಅಂತ ಎಳೆಯಬೇಡಿ. ಅವಸರದಲ್ಲಿರುವವರಿಗೆ ಅದು "ಏನೂ ಆಗಿಲ್ಲ" ಅಂತ ಕೇಳಿಸುತ್ತದೆ.

ಎಡ, ಬಲ ಅನ್ನೋದು ಯಾವಾಗಲೂ ವಿಮಾನದ್ದು, ನಿಮ್ಮದಲ್ಲ. ಮೂಗಿನ ಮುಂದೆ ವಿಮಾನಕ್ಕೆ ಮುಖ ಮಾಡಿ ನಿಂತಾಗ ನಿಮ್ಮ ಎಡಗೈ ಕಡೆ ಇರೋದು ವಿಮಾನದ ಬಲ. ಮೊದಲ ವಾರ ಎಲ್ಲರೂ ಇಲ್ಲಿ ತಪ್ಪುತ್ತಾರೆ.

ಹೆಡ್‌ಸೆಟ್‌ನಲ್ಲಿ ಪೈಲಟ್ ಜೊತೆ ಏನು ಮಾತಾಡ್ತಾರೆ?

ಪಿ.ಬಿ. ರಸ್ತೆಯ ಖಾಸಗಿ ಬಸ್ಸು ನೆನಪು ಮಾಡಿಕೊಳ್ಳಿ. ಡ್ರೈವರ್‌ಗೆ ಹಿಂದೆ ಏನಾಗುತ್ತಿದೆ ಕಾಣುವುದಿಲ್ಲ. ಕಂಡಕ್ಟರ್ "ಹೋಲ್ಡಾನ್" ಅಂದರೆ ನಿಲ್ಲುತ್ತದೆ, "ರೈಟ್" ಅಂದರೆ ಹೊರಡುತ್ತದೆ. ವಿಮಾನದ ಪೈಲಟ್‌ಗೂ ಕಾಣುವುದು ಮುಂದೆ ಮಾತ್ರ. ಅವರ ಹಿಂಬದಿಯ ಕಣ್ಣು ನೀವು.

ವಿಮಾನವನ್ನು ಹಿಂದಕ್ಕೆ ತಳ್ಳುವುದಕ್ಕೆ ಪುಷ್‌ಬ್ಯಾಕ್ ಅನ್ನುತ್ತಾರೆ. ಅದಕ್ಕೆ ಮುಂಚೆ ಬಾಗಿಲು ಮುಚ್ಚಿವೆಯಾ, ಸುತ್ತ ಗಾಡಿ ಇಲ್ಲವಾ, ಗಾಲಿಗೆ ಕೊಟ್ಟ ಚಾಕ್ ತೆಗೆದಾಯಿತಾ ಅಂತ ನೋಡಿ ಹೇಳಬೇಕು. ಚಾಕ್ ಅಂದರೆ ಲಾರಿ ಗಾಲಿಗೆ ಕಲ್ಲು ಕೊಡುತ್ತಾರಲ್ಲ, ಅದೇ. ನೀವು "ಪಾರ್ಕಿಂಗ್ ಬ್ರೇಕ್ ಬಿಡಿ" ಅಂತೀರಿ. ಪೈಲಟ್ "ಬ್ರೇಕ್ ಬಿಟ್ಟಿದೆ" ಅಂತ ತಿರುಗಿ ಹೇಳಬೇಕು. ತಿರುಗಿ ಹೇಳದಿದ್ದರೆ ಮಾತು ಮುಟ್ಟಿಲ್ಲ ಅಂತಲೇ ತಿಳಿಯಿರಿ. ಕೊನೆಗೆ ಹೆಡ್‌ಸೆಟ್ ಕಿತ್ತು, ಮುಂದಿನ ಗಾಲಿಯಲ್ಲಿ ಹಾಕಿದ್ದ ಪಿನ್ ತೆಗೆದು, ದೂರ ನಡೆದು ಪೈಲಟ್‌ಗೆ ಕಾಣುವ ಕಡೆ ನಿಂತು ಆ ಪಿನ್ನಿನ ಕೆಂಪು ಪಟ್ಟಿಯನ್ನು ಕೈ ಎತ್ತಿ ತೋರಿಸಬೇಕು. ಅವರು ಒಳಗಿನಿಂದ ಕೈ ಎತ್ತಿದ ಮೇಲೇ ನಿಮ್ಮ ಕೆಲಸ ಮುಗಿಯಿತು.

ನಮ್ಮ ಕಡೆಯವರಿಗೆ ಒಂದು ಎಚ್ಚರಿಕೆ. ರ‍್ಯಾಂಪ್‌ನಲ್ಲಿ "ರೈಟ್, ರೈಟ್" ಅನ್ನಬೇಡಿ. ಬಸ್ಸಿನಲ್ಲಿ ಅದು ಹೊರಡು ಅಂತ. ಇಲ್ಲಿ ಅದು ಬಲಗಡೆ.

ನಮ್ಮ ಹುಡುಗನಿಗೆ ಇಂಗ್ಲಿಷ್ ಅಷ್ಟಾಗಿ ಬರಲ್ಲ. ಕಷ್ಟ ಆಗುತ್ತಾ?

ತಾಯಂದಿರು ಇದನ್ನು ಜಾಸ್ತಿ ಕೇಳುತ್ತಾರೆ. ಅಮ್ಮಾ, ಭಾಷಣ ಮಾಡೋದಲ್ಲ. ನೂರು ಪದ, ಇಪ್ಪತ್ತು ವಾಕ್ಯ ಗಟ್ಟಿ ಇದ್ದರೆ ಶುರು ಮಾಡಬಹುದು. ಅಂತರರಾಷ್ಟ್ರೀಯ ಹಾರಾಟದ ಪೈಲಟ್‌ಗಳಿಗೆ ಮತ್ತು ಅವರಿಗೆ ರೇಡಿಯೊದಲ್ಲಿ ದಾರಿ ಹೇಳುವ ಟವರ್‌ನವರಿಗೆ ಇಂಗ್ಲಿಷ್ ಪರೀಕ್ಷೆ ಕಡ್ಡಾಯ, ಲೋಡರ್‌ಗಳಿಗೆ ಹಾಗಿಲ್ಲ. ತೊಂದರೆ ಇರೋದು ಇಂಗ್ಲಿಷಿನಲ್ಲಿ ಅಲ್ಲ, ನಾಚಿಕೆಯಲ್ಲಿ. ವ್ಯಾಕರಣ ತಪ್ಪುತ್ತೆ ಅಂತ ಸುಮ್ಮನಾಗುತ್ತಾರೆ. "ಸ್ಟಾಪ್. ಡ್ಯಾಮೇಜ್." ಈ ಎರಡು ಪದ ಸಾಕು, ಬೆರಳು ತೋರಿಸಿ. ಭಾಷೆಯೇ ಬರದಿದ್ದರೂ ಕೈ ಸನ್ನೆ ಇದೆ. ಎರಡೂ ಕೈ ತಲೆ ಮೇಲೆ ಎತ್ತಿ ಅಡ್ಡಡ್ಡ ಹಿಡಿದರೆ ಜಗತ್ತಿನ ಯಾವ ಪೈಲಟ್ ಆದರೂ ನಿಲ್ಲಿಸುತ್ತಾರೆ.

ಮಾತು ತಪ್ಪಿದ್ದಕ್ಕೆ ನಿಜವಾಗಿ ಅಪಘಾತ ಆಗಿದೆಯಾ?

ಆಗಿದೆ. 1983ರ ಜುಲೈ 23ರಂದು ಏರ್ ಕೆನಡಾದ ಬೋಯಿಂಗ್ 767 ಒಂದಕ್ಕೆ ಇಂಧನ ತುಂಬುವಾಗ ಕಿಲೋ ಲೆಕ್ಕದ ಕಡೆ ಪೌಂಡ್ ಲೆಕ್ಕ ಹಿಡಿದರು. ಬೇಕಾದ್ದರ ಅರ್ಧಕ್ಕಿಂತ ಕಡಿಮೆ ಬಿತ್ತು. ನೆಲದವರೂ ಪೈಲಟ್‌ಗಳೂ ಸೇರಿಯೇ ಲೆಕ್ಕ ಹಾಕಿದ್ದರು. 41,000 ಅಡಿಯಲ್ಲಿ ಇಂಧನ ಮುಗಿಯಿತು. ಗಿಮ್ಲಿ ಅನ್ನುವ ಊರಿನ ಹಳೆಯ ವಾಯುನೆಲೆಯಲ್ಲಿ ಇಂಜಿನ್ ಇಲ್ಲದೆ ತೇಲಿಸಿ ಇಳಿಸಿದರು. ಯಾರೂ ಸಾಯಲಿಲ್ಲ.

1996ರ ಅಕ್ಟೋಬರ್ 2ರಂದು ಪೆರು ದೇಶದ ಲಿಮಾದಲ್ಲಿ ಅಷ್ಟು ಅದೃಷ್ಟ ಇರಲಿಲ್ಲ. ವಿಮಾನ ತೊಳೆಯುವಾಗ, ಹೊರಗಿನ ಗಾಳಿಯ ಒತ್ತಡ ಅಳೆಯುವ ತೂತುಗಳಿಗೆ ನೀರು ಹೋಗದಿರಲಿ ಅಂತ ಟೇಪ್ ಹಚ್ಚಿದ್ದರು. ತೆಗೆಯಲು ಮರೆತರು. ರಾತ್ರಿ ಸುತ್ತು ಹಾಕಿ ನೋಡಿದಾಗಲೂ ಅದು ಕಣ್ಣಿಗೆ ಬೀಳಲಿಲ್ಲ. ಮೇಲೆ ಹೋದ ಪೈಲಟ್‌ಗಳಿಗೆ ಎತ್ತರವೂ ವೇಗವೂ ತಪ್ಪು ತಪ್ಪಾಗಿ ತೋರಿಸಿತು. ಸಮುದ್ರಕ್ಕೆ ಬಿದ್ದು 70 ಜನ ಸತ್ತರು. ಒಂದು ಅಂಗೈಯಷ್ಟು ಟೇಪ್. ಹಚ್ಚಿದ್ದೇನೆ ಅಂತ ಬರೆದಿಡುವುದು, ತೆಗೆದಿದ್ದೇನೆ ಅಂತ ಬರೆದಿಡುವುದು ಎಷ್ಟು ದೊಡ್ಡ ಕೆಲಸ ಅಂತ ಇದನ್ನು ಓದಿದ ದಿನ ನನಗೆ ಗೊತ್ತಾಯಿತು.

ಇಂಜಿನ್ ಹತ್ತಿರ ಹೋಗೋದು ಅಪಾಯನಾ?

ವಿಮಾನದ ಮೇಲೆ ಕೆಳಗೆ ಕೆಂಪು ದೀಪ ಮಿನುಗುತ್ತಿದ್ದರೆ ಹತ್ತಿರ ಹೋಗಬೇಡಿ. ಇಂಜಿನ್ ಓಡುತ್ತಿದೆ, ಇಲ್ಲವೇ ಈಗ ಶುರುವಾಗುತ್ತದೆ ಅಂತ ಅರ್ಥ. 2015ರ ಡಿಸೆಂಬರ್ 16ರಂದು ಮುಂಬೈಯಲ್ಲಿ, ಪುಷ್‌ಬ್ಯಾಕ್ ಹೊತ್ತಿನಲ್ಲಿ ಕೆಳಗಿದ್ದ ಇಂಜಿನಿಯರ್ ಒಬ್ಬರನ್ನು ಇಂಜಿನ್ ಒಳಕ್ಕೆ ಎಳೆದುಕೊಂಡಿತು. ಅವರು ಉಳಿಯಲಿಲ್ಲ. ಇದರ ಬಗ್ಗೆ ಹೆಚ್ಚು ಬರೆಯಲು ನನಗೆ ಮನಸ್ಸು ಬರುವುದಿಲ್ಲ. ದೀಪ ಆರುವ ತನಕ ಕಾಯಿರಿ.

ಬಾಗಿಲು ಮುಚ್ಚಿ ವಿಮಾನ ಹೊರಟಿದೆ. ಆಮೇಲೆ ನೆನಪಾಯ್ತು ಅಂದ್ರೆ?

ಆಗಲೂ ಹೇಳಿ. ಟವರ್‌ನಿಂದ ಪೈಲಟ್‌ಗೆ ರೇಡಿಯೊದಲ್ಲಿ ತಿಳಿಸಬಹುದು. ವಿಮಾನ ಹಾರಿಬಿಟ್ಟಿದ್ದರೂ ತಿಳಿಸಬಹುದು. ಜಾಸ್ತಿ ಮೇಲೆ ಏರದೆ ವಾಪಸು ಬರಬಹುದು. ತಡವಾಯಿತು ಅನ್ನುವ ಮಾತೇ ಇಲ್ಲ.

ನಾನು ಬರೀ ಪ್ರಯಾಣಿಕ. ಕಿಟಕಿಯಲ್ಲಿ ಏನೋ ಕಂಡರೆ ಹೇಳಬಹುದಾ? ನಗುತ್ತಾರೇನೋ.

ಹೇಳಿ. ನಕ್ಕರೆ ನಗಲಿ.

1988ರ ಏಪ್ರಿಲ್ 28ರಂದು ಹವಾಯಿಯಲ್ಲಿ ಅಲೋಹಾ ಏರ್‌ಲೈನ್ಸ್‌ನ ವಿಮಾನ ಹತ್ತುವಾಗ ಒಬ್ಬ ಹೆಂಗಸು ಬಾಗಿಲ ಹತ್ತಿರ ಒಂದು ಬಿರುಕು ನೋಡಿದರು. ಯಾರಿಗೂ ಹೇಳಲಿಲ್ಲ. 24,000 ಅಡಿಯಲ್ಲಿ ವಿಮಾನದ ಮುಂಭಾಗದ ಚಾವಣಿಯೇ ಹಾರಿಹೋಯಿತು. ಒಬ್ಬ ಗಗನಸಖಿ ತೀರಿಕೊಂಡರು. ಮರುವರ್ಷ ಮಾರ್ಚ್ 10ರಂದು ಕೆನಡಾದ ಡ್ರೈಡನ್‌ನಲ್ಲಿ ರೆಕ್ಕೆ ಮೇಲೆ ಹಿಮ ಕೂತಿದ್ದನ್ನು ಗಗನಸಖಿ ನೋಡಿದ್ದರು. ಪ್ರಯಾಣಿಕರಾಗಿ ಕೂತಿದ್ದ ಇಬ್ಬರು ಪೈಲಟ್‌ಗಳೂ ನೋಡಿದ್ದರು. ಮುಂದಿದ್ದವರಿಗೆ ಗೊತ್ತಿರುತ್ತೆ ಬಿಡು ಅಂದುಕೊಂಡು ಯಾರೂ ಕಾಕ್‌ಪಿಟ್‌ಗೆ ಮುಟ್ಟಿಸಲಿಲ್ಲ. ವಿಮಾನ ಬಿದ್ದು 69 ಜನರಲ್ಲಿ 24 ಜನ ಸತ್ತರು. ಅದೇ 1989ರ ಜನವರಿ 8ರಂದು ಇಂಗ್ಲೆಂಡಿನ ಕೆಗ್‌ವರ್ತ್ ಹತ್ತಿರ ಕೆಟ್ಟಿದ್ದು ಎಡಗಡೆಯ ಇಂಜಿನ್, ಪೈಲಟ್‌ಗಳು ನಿಲ್ಲಿಸಿದ್ದು ಬಲಗಡೆಯದ್ದು. ಬಲ ಇಂಜಿನ್ ನಿಲ್ಲಿಸಿದ್ದೇವೆ ಅಂತ ಮೈಕ್‌ನಲ್ಲೂ ಹೇಳಿದರು. ಎಡಗಡೆ ಬೆಂಕಿ ಕಂಡವರು ಒಳಗೇ ಇದ್ದರು. ಯಾರೂ ಎದ್ದು ಕೇಳಲಿಲ್ಲ. 47 ಜನ ಹೋದರು.

ನೀವು ತಜ್ಞರಾಗಬೇಕಿಲ್ಲ. ಗಗನಸಖಿಯನ್ನು ಕರೆದು "ಮೇಡಂ, ಎಡಗಡೆ ರೆಕ್ಕೆ ಕೆಳಗೆ ಏನೋ ಸೋರುತ್ತಿದೆ, ದಯವಿಟ್ಟು ಕ್ಯಾಪ್ಟನ್‌ಗೆ ತಿಳಿಸಿ" ಅನ್ನಿ. ಕ್ಯಾಪ್ಟನ್‌ಗೆ ಅನ್ನುವ ಪದ ಬಿಡಬೇಡಿ. ತಾಂತ್ರಿಕ ದೋಷ ಅಂತ ವಿಮಾನ ಮೂರು ಗಂಟೆ ತಡವಾದರೆ ಕೌಂಟರಿನ ಹುಡುಗಿ ಮೇಲೆ ರೇಗಬೇಡಿ. ಎಲ್ಲೋ ಒಬ್ಬ ಲೋಡರ್ ಹೇಳುವ ಧೈರ್ಯ ಮಾಡಿರುತ್ತಾನೆ.

ಹೇಳಿದರೆ ಕೆಲಸ ಹೋಗಲ್ವಾ?

ಎಲ್ಲ ಕಡೆ ಒಳ್ಳೆಯ ಸೂಪರ್‌ವೈಸರ್ ಇರುತ್ತಾರೆ ಅಂತ ನಾನು ಮಾತು ಕೊಡಲಾರೆ. ಬೈಗುಳ ಬೀಳಬಹುದು, ವಿಚಾರಣೆ ಆಗಬಹುದು, ಮತ್ತೆ ತರಬೇತಿಗೆ ಕಳಿಸಬಹುದು. ಆದರೆ ಮುಚ್ಚಿಟ್ಟದ್ದು ಆಮೇಲೆ ಹೊರಬಂದರೆ ನಿಮ್ಮ ಪರ ಮಾತಾಡುವವರು ಯಾರೂ ಇರುವುದಿಲ್ಲ. ರ‍್ಯಾಂಪ್ ತುಂಬ ಕ್ಯಾಮೆರಾ ಇದೆ. ವಿಮಾನಯಾನ ನೋಡಿಕೊಳ್ಳುವ ಸರ್ಕಾರಿ ಸಂಸ್ಥೆ ಡಿಜಿಸಿಎಗೆ ಯಾರು ಬೇಕಾದರೂ ತಾವಾಗಿಯೇ ವರದಿ ಕೊಡುವ ವ್ಯವಸ್ಥೆಯೂ ಇದೆ. ಕೆಲಸಕ್ಕೆ ಸೇರಿದ ಮೊದಲ ವಾರವೇ ನಿಮ್ಮ ಕಂಪನಿಯಲ್ಲಿ ವರದಿ ಹೇಗೆ ಕೊಡುವುದು ಅಂತ ಕೇಳಿ ಬರೆದುಕೊಳ್ಳಿ.

ಚಳ್ಳಕೆರೆ ಹತ್ತಿರದ ರನ್‌ವೇಯಲ್ಲಿ ಇಂಥ ಕೆಲಸ ಸಿಗುತ್ತಾ?

ಅದು ದೇಶದ ರಕ್ಷಣಾ ಸಂಶೋಧನಾ ಸಂಸ್ಥೆ ಡಿಆರ್‌ಡಿಒದ ಪರೀಕ್ಷಾ ಕೇಂದ್ರ. 2017ರಲ್ಲಿ ಉದ್ಘಾಟನೆ ಆಯಿತು. ಪೈಲಟ್ ಇಲ್ಲದ ವಿಮಾನಗಳನ್ನೆಲ್ಲ ಅಲ್ಲಿ ಹಾರಿಸಿ ನೋಡುತ್ತಾರೆ. ಪ್ರಯಾಣಿಕರ ವಿಮಾನ ಬರುವುದಿಲ್ಲ, ಹಾಗಾಗಿ ಲಗೇಜು, ಮೆಟ್ಟಿಲಿನ ಕೆಲಸ ಅಲ್ಲಿಲ್ಲ.

ಭಾನುವಾರ ಬರುವಾಗ ಏನು ತರಬೇಕು?

ಒಂದು ನೋಟ್‌ಬುಕ್, ಒಂದು ಟಾರ್ಚ್. ಹಳೆಯ ಒಂದು ಸ್ಟೀಲ್ ತಟ್ಟೆ ಇದ್ದರೆ ತನ್ನಿ. ಕತ್ತಲ ಕೋಣೆಯಲ್ಲಿ ಅದರ ಮೇಲಿನ ತಗ್ಗುಗಳನ್ನು ಟಾರ್ಚ್ ಓರೆ ಹಿಡಿದು ಹುಡುಕುವುದರಿಂದಲೇ ನಾವು ಶುರು ಮಾಡೋದು.